ಮಸ್ಕತ್ ಬಿಡಲು ಇನ್ನು 42 ದಿನ: ಮೊದಲೇ ಬಿಟ್ಟು ಹೋದವರಿಗೆ ಒಂದು ಪ್ರಶ್ನೆ

ಗುಬ್ರಾ ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಮಾನ್‌ನಲ್ಲಿ ಇದ್ದು ಬಿಟ್ಟು ಹೋದವರಿಗೆ ಒಂದು ಪ್ರಶ್ನೆ ಕೇಳಬೇಕಿದೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಾವು ಮಸ್ಕತ್‌ಗೆ ಬಂದಿದ್ದು 2009ರ ಫೆಬ್ರವರಿಯಲ್ಲಿ. ಈ ಏಪ್ರಿಲ್ ಕೊನೆಗೆ ಹೊರಡುತ್ತಿದ್ದೇವೆ. ನಮ್ಮ ಯಜಮಾನರ ಜಾಗಕ್ಕೆ ಒಬ್ಬ ಒಮಾನಿ ಹುಡುಗ ಬರುತ್ತಿದ್ದಾನೆ. ಆರು ತಿಂಗಳಿಂದ ಇವರೇ ಅವನಿಗೆ ಕೆಲಸ ಕಲಿಸುತ್ತಿದ್ದಾರೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಅವರ ದೇಶ, ಅವರ ಮಕ್ಕಳಿಗೆ ಕೆಲಸ ಬೇಕೇ ಬೇಕು. ಒಂದಲ್ಲ ಒಂದು ದಿನ ಹೀಗಾಗುತ್ತದೆ ಅಂತ ಬಂದ ದಿನವೇ ಗೊತ್ತಿತ್ತು.

ಹಾಗೆ ಗೊತ್ತಿದ್ದದ್ದೇ ಈಗ ಕಾಡುತ್ತಿದೆ. ಎರಡೆರಡು ವರ್ಷದ ವೀಸಾ ನಮ್ಮದು. ಪ್ರತಿ ಸಲ ಹೊಸ ಬತಾಕಾ (ಇಲ್ಲಿ ವಾಸಿಸುವವರ ಗುರುತಿನ ಚೀಟಿ) ಕೈಗೆ ಬಂದಾಗಲೂ 'ಇನ್ನೆರಡು ವರ್ಷ, ಅಷ್ಟೇ' ಅಂದುಕೊಳ್ಳುತ್ತಿದ್ದೆವು. ಹಾಗೆ ಅಂದುಕೊಂಡೇ ಹದಿನಾರು ವರ್ಷ ಕಳೆಯಿತು. ಹೇಗಿದ್ದರೂ ಹೋಗುವವರು ಅಂತ ಒಳ್ಳೆಯ ಸೋಫಾ ಕೊಳ್ಳಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಜಬಲ್ ಅಖ್ದರ್‌ನಲ್ಲಿ ಗುಲಾಬಿ ಅರಳುವುದು ಏಪ್ರಿಲ್‌ನಲ್ಲಿ. ಆ ಬೆಟ್ಟದ ಬುಡದಲ್ಲೇ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್ ವ್ಹೀಲ್ ಗಾಡಿ ಇಲ್ಲದಿದ್ದರೆ ಮೇಲೆ ಬಿಡುವುದಿಲ್ಲ. ನಮ್ಮದು ಚಿಕ್ಕ ಯಾರಿಸ್. 'ಮುಂದಿನ ವರ್ಷ ಯಾರದ್ದಾದರೂ ಗಾಡಿಯಲ್ಲಿ ಹೋದರಾಯಿತು' ಅನ್ನುತ್ತಾ ಹದಿನಾರು ಏಪ್ರಿಲ್ ಹೋದವು.

ಈ ಊರನ್ನು 'ನನ್ನದು' ಅಂತ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ ನಾನು. ಈಗ ರಟ್ಟಿನ ಡಬ್ಬಗಳ ನಡುವೆ ಕೂತು ಯೋಚಿಸಿದರೆ, ಎಷ್ಟೊಂದು ನನ್ನದೇ ಆಗಿಬಿಟ್ಟಿದೆ ಅನಿಸುತ್ತದೆ.

ಒಂದು ಹೇಳುತ್ತೇನೆ. ಇಲ್ಲಿಗೆ ಬಂದಾಗ ನನಗೆ ಸೈಕಲ್ ಕೂಡ ಬರುತ್ತಿರಲಿಲ್ಲ. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ರಾತ್ರಿ ಪಾಳಿ ಮುಗಿಸಿ ಬರಲು ಗಾಡಿ ಬೇಕೇ ಬೇಕಾಯಿತು. ಸೀಬ್ ಕಡೆಯ ಒಬ್ಬ ಒಮಾನಿ ಹೆಂಗಸು ಕಲಿಸಿದರು. ಡ್ರಮ್ ಟೆಸ್ಟ್ ಗೊತ್ತಲ್ಲ, ಡ್ರಮ್‌ಗಳ ನಡುವೆ ಹಿಂದಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸಬೇಕು. ಅದು ಮೊದಲ ಸಲಕ್ಕೇ ಆಯಿತು. ಸ್ಲೋಪ್ ಟೆಸ್ಟ್ ಕೂಡ ಆಯಿತು. ರೋಡ್ ಟೆಸ್ಟ್‌ನಲ್ಲಿ ಮೂರು ಸಲ ಫೇಲ್. ನಾಲ್ಕನೇ ಸಲ ಪಾಸಾಗಿ ಕೆಳಗಿಳಿದಾಗ ಆ ಟೀಚರ್ ಡ್ಯಾಶ್‌ಬೋರ್ಡಿನಿಂದ ಖರ್ಜೂರದ ಡಬ್ಬಿ ತೆಗೆದು ನನ್ನ ಬಾಯಿಗೆ ಒಂದು ಇಟ್ಟರು. ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ಹೇಳಿದರು: 'ಖಲಾಸ್. ಇನ್ನು ಈ ರಸ್ತೆ ನಿನ್ನದೂ ಹೌದು.' ಆಮೇಲೆ ಎಷ್ಟೋ ವರ್ಷ ರಾತ್ರಿ ಎರಡು ಗಂಟೆಗೆ ಒಬ್ಬಳೇ ಮನೆಗೆ ಬಂದಿದ್ದೇನೆ. ಖಾಲಿ ರಸ್ತೆ, ಎಡಗಡೆ ಕಪ್ಪು ಬೆಟ್ಟ, ಕಿಟಕಿ ಅರ್ಧ ಇಳಿಸಿ. ಒಂದು ದಿನವೂ ಹೆದರಿಕೆ ಆಗಲಿಲ್ಲ.

ಇನ್ನೊಂದು, ಪಕ್ಕದ ಮನೆಯ ಒಮಾನಿ ಅಜ್ಜಿ. ನಾವೆಲ್ಲ 'ಖಾಲ್ತಿ' ಅನ್ನುತ್ತೇವೆ, ಚಿಕ್ಕಮ್ಮ ಅಂದ ಹಾಗೆ. ಬಂದ ಹೊಸದರಲ್ಲಿ ಕರೆದು ಕೂರಿಸಿ ಖರ್ಜೂರ ಕೊಟ್ಟು, ಕಹ್ವಾ, ಅಂದರೆ ಅರಬ್ಬಿ ಕಾಫಿ, ಕೊಟ್ಟರು. ಬಟ್ಟಲನ್ನು ಕೈಯಲ್ಲಿ ಮೆಲ್ಲಗೆ ಅಲ್ಲಾಡಿಸಿದರೆ ಮಾತ್ರ 'ಸಾಕು' ಅಂತ ಅರ್ಥ, ಇಲ್ಲದಿದ್ದರೆ ತುಂಬಿಸುತ್ತಲೇ ಇರುತ್ತಾರೆ. ಅದು ನನಗೆ ಗೊತ್ತಿರಲಿಲ್ಲ. ಆರು ಬಟ್ಟಲು ಕುಡಿದೆ. ಕೊನೆಗೆ ಅವರೇ ನನ್ನ ಕೈ ಹಿಡಿದು ಅಲ್ಲಾಡಿಸಿ ತೋರಿಸಿದರು. 2020ರ ಜನವರಿಯಲ್ಲಿ ಸುಲ್ತಾನ್ ಕಾಬೂಸ್ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂದಾಗ ಅವರ ಮನೆಗೆ ಹೋದೆ. ಟಿವಿಯಲ್ಲಿ ಕುರಾನ್ ಓದುತ್ತಿದ್ದರು. ಏನು ಹೇಳಬೇಕು ಅಂತ ಗೊತ್ತಾಗದೆ ಸುಮ್ನೆ ಪಕ್ಕದಲ್ಲಿ ಕೂತೆ. ಒಂದು ಗಂಟೆ ನನ್ನ ಕೈ ಬಿಡಲಿಲ್ಲ ಅವರು. ನಾನೂ ಅತ್ತೆ. ಯಾರಿಗಾಗಿ ಅತ್ತೆ ಅಂತ ಆಮೇಲೆ ಯೋಚಿಸಿದ್ದೇನೆ. ಆ ಮನೆಯ ದುಃಖ ನನಗೂ ತಾಗಿತ್ತು, ಅಷ್ಟೇ.

ಬೆಟ್ಟ, ಸಮುದ್ರ, ಸ್ವಚ್ಛ ರಸ್ತೆ, ವಾದಿಯ (ಬೆಟ್ಟದ ನಡುವಿನ ಹಳ್ಳದ) ಹಸಿರು ನೀರು, ಇವು ನೆನಪಾಗುತ್ತವೆ ಅಂತ ನನಗೇ ಗೊತ್ತು. ಅವುಗಳ ಫೋಟೋ ಇದೆ. ನನ್ನ ಪ್ರಶ್ನೆ ಬೇರೆ. ಇಲ್ಲಿ ಇದ್ದಾಗ ಕಣ್ಣಿಗೇ ಬೀಳದೆ, ಹೋದ ಮೇಲೆ ನಿಮ್ಮನ್ನು ಕಾಡಿದ್ದು ಯಾವುದು? ಇನ್ನೂ 42 ದಿನ ಇದೆ. ಅದನ್ನು ಇಲ್ಲಿರುವಾಗಲೇ ಸರಿಯಾಗಿ ನೋಡಿಕೊಂಡು ಹೋಗಬೇಕು ಅಂತ ಆಸೆ.

ಹಳೇ ರೂವಿ

ಮೇಡಂ, ನಾನು 1996ರಿಂದ 2019ರವರೆಗೆ ಇದ್ದೆ. ಮಸ್ಕತ್‌ನಲ್ಲೇ, ಮೊದಲು ರೂವಿ, ಆಮೇಲೆ ವಾದಿ ಕಬೀರ್. ಬಿಟ್ಟು ಬಂದ ಮೇಲೆ ಬೆಟ್ಟ ನೆನಪಾಗುತ್ತದೆ ಅಂದುಕೊಂಡಿದ್ದೆ. ಮೊದಲು ನೆನಪಾಗಿದ್ದು ನಲ್ಲಿ ನೀರು.

ಬೇಸಿಗೆಯಲ್ಲಿ ಅಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ, ಮೇಲಿನ ಟ್ಯಾಂಕ್ ಇಡೀ ದಿನ ಬಿಸಿಲಲ್ಲಿ ಕಾದಿರುತ್ತದಲ್ಲ. ಅದಕ್ಕೆ ನಾವು ಮನೆಯೊಳಗಿನ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತ ನೀರನ್ನೇ ತಣ್ಣೀರು ಅಂತ ಬಳಸುತ್ತಿದ್ದೆವು. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ಇಪ್ಪತ್ತಮೂರು ವರ್ಷದ ಅಭ್ಯಾಸ. ಬಿಟ್ಟು ಬಂದ ಮೊದಲ ಬೇಸಿಗೆಯಲ್ಲಿ ನನ್ನ ಕೈ ತಾನಾಗಿ ತಪ್ಪು ನಲ್ಲಿಗೆ ಹೋಗುತ್ತಿತ್ತು. ಪ್ರತಿ ಸಲವೂ ಎದೆ ಚುರುಕ್ ಅನ್ನುತ್ತಿತ್ತು.

ಅದರ ಜೊತೆಗೇ ಇನ್ನೊಂದು. ಆರು ತಿಂಗಳು ಎ.ಸಿ. ನಿಲ್ಲುವುದೇ ಇಲ್ಲ ಅಲ್ವಾ. 2018ರ ಜೂನ್ 26ರಂದು ನಾನು ಕುರಿಯಾತ್ ಸೈಟ್‌ನಲ್ಲಿದ್ದೆ. ಆ ಇಡೀ ದಿನ, ರಾತ್ರಿ ಕೂಡ, ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಅಂಥ ಬೇಸಿಗೆ ದಾಟಿ ನವೆಂಬರ್‌ನಲ್ಲಿ ಒಂದು ರಾತ್ರಿ ಎ.ಸಿ. ಆಫ್ ಮಾಡುತ್ತೇವೆ. ಕಿಟಕಿ ತೆಗೆಯುತ್ತೇವೆ. ಆಗ ಕಿವಿಗೆ ಬೀಳುವ ಆ ನಿಶ್ಶಬ್ದ, ಅದು ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ನೀವು ಏಪ್ರಿಲ್‌ನಲ್ಲಿ ಹೊರಡುತ್ತೀರಿ. ಈಗಿನ್ನೂ ಮಾರ್ಚ್. ಇವತ್ತೇ ರಾತ್ರಿ ಎ.ಸಿ. ಆಫ್ ಮಾಡಿ ಮಲಗಿ.

ಬೆಳಗಿನ ಜಾವ ಎಚ್ಚರವಾದರೆ ಬಾಂಗ್ ಕೇಳಿಸಿಕೊಳ್ಳಿ. ಒಂದು ಮಸೀದಿಯಲ್ಲಿ ಶುರುವಾಗುತ್ತದೆ, ಎರಡು ಸೆಕೆಂಡ್ ಬಿಟ್ಟು ಇನ್ನೊಂದು, ಆಮೇಲೆ ಬೆಟ್ಟದ ಕಡೆಯಿಂದ ಮತ್ತೊಂದು. ಒಂದರ ಮೇಲೊಂದು ಬಂದು ಬೆಟ್ಟಕ್ಕೆ ಬಡಿದು ವಾಪಸ್ ಬರುತ್ತದೆ. ನನ್ನದು ಬೇರೆ ಧರ್ಮ. ಆದರೂ ಇಪ್ಪತ್ತಮೂರು ವರ್ಷ ನನ್ನ ಬೆಳಗು ಶುರುವಾಗಿದ್ದು ಅದರಿಂದಲೇ. ರೆಕಾರ್ಡ್ ಮಾಡಿಟ್ಟುಕೊಂಡಿಲ್ಲ, ಅದೊಂದು ನೋವು ಉಳಿದಿದೆ.

ಆಮೇಲೆ ಮಾತು. ಒಮಾನಿಗಳು ಎದುರು ಸಿಕ್ಕರೆ ನೇರವಾಗಿ ವಿಷಯಕ್ಕೆ ಬರುವುದೇ ಇಲ್ಲ. ಸಲಾಂ, ಹೇಗಿದ್ದೀಯ, ಮನೆಯವರು ಹೇಗಿದ್ದಾರೆ. ಆಮೇಲೆ 'ಶೇ ಅಖ್ಬಾರ್? ಶೇ ಉಲೂಮ್?', ಏನು ಸುದ್ದಿ, ಏನು ವಿಷಯ. ಏನೂ ಇಲ್ಲ ಅಂತ ಎದುರಿನವನು ಹೇಳಬೇಕು. ಆಮೇಲೆ ಅವನೂ ಅದನ್ನೇ ತಿರುಗಿ ಕೇಳಬೇಕು. ಸಿಮೆಂಟ್ ಲೋಡ್ ಬರಲಿಲ್ಲ ಅಂತ ಜಗಳ ಆಡಲು ಹೋದವನು ಕೂಡ ಇಷ್ಟು ಮುಗಿಸಿಯೇ ಜಗಳ ಶುರು ಮಾಡಬೇಕು. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಈಗ ಫೋನ್ ಎತ್ತಿದರೆ ಎಲ್ಲರೂ 'ಹೇಳಿ' ಅನ್ನುತ್ತಾರೆ. ಆ ಒಂದು ಪದ ಕೇಳಿದಾಗಲೆಲ್ಲ ರೂವಿ ನೆನಪಾಗುತ್ತದೆ.

ಇನ್ನೂ ಒಂದು ಹೇಳಿ ಮುಗಿಸುತ್ತೇನೆ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂದಾಗ ನಾನು ಅಲ್ಲೇ ಇದ್ದೆ. ವಾದಿ ಉಕ್ಕಿ ಕಾರುಗಳು ತೇಲಿಹೋದವು. ನಮ್ಮ ಬಿಲ್ಡಿಂಗಿಗೆ ನಾಲ್ಕು ದಿನ ನೀರಿಲ್ಲ, ಕರೆಂಟಿಲ್ಲ. ಮೂರನೇ ದಿನ ಒಬ್ಬ ಒಮಾನಿ ಪಿಕಪ್ ತುಂಬಾ ನೀರಿನ ಬಾಟಲಿ ತುಂಬಿಕೊಂಡು ಬಂದ. ಯಾರ ಹೆಸರೂ ಕೇಳಲಿಲ್ಲ, ದುಡ್ಡೂ ಕೇಳಲಿಲ್ಲ. ಇಳಿಸಿ ಹೋದ. ಅವನ ಮುಖ ನೆನಪಿಲ್ಲ. ಆದರೆ ಅವನ ದಿಶ್‌ದಾಶಾ (ಒಮಾನಿ ಗಂಡಸರ ಉದ್ದ ನಿಲುವಂಗಿ) ಮೊಣಕಾಲಿನವರೆಗೂ ಕೆಸರಾಗಿತ್ತು, ಅದು ಇವತ್ತಿಗೂ ಕಣ್ಣಮುಂದೆ ಇದೆ.

ಲುಬಾನ್ ಮರ

ನಾನು ಸಲಾಲಾದಲ್ಲಿ ಇದ್ದೇನೆ, ಇನ್ನೂ ಬಿಟ್ಟಿಲ್ಲ. ಹಾಗಾಗಿ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಆದರೆ ಲುಬಾನ್, ಅಂದರೆ ಇಲ್ಲಿ ಮನೆಮನೆಯಲ್ಲಿ ಉರಿಸುವ ಧೂಪ, ಅದರ ಬಗ್ಗೆ ಮಾತ್ರ ಹೇಳಬಲ್ಲೆ. ಹೋಗುವವರೆಲ್ಲ ಕೊನೆಯ ದಿನ ಅವಸರದಲ್ಲಿ ಕೊಂಡು ಹೋಗುತ್ತಾರೆ, ಆಮೇಲೆ 'ಆ ವಾಸನೆ ಬರಲೇ ಇಲ್ಲ' ಅನ್ನುತ್ತಾರೆ.

ಮರದ ತೊಗಟೆಯನ್ನು ಮೆಲ್ಲಗೆ ಕೆತ್ತಿದಾಗ ಹಾಲಿನಂತೆ ಬರುವ ಅಂಟು ಅದು. ಮೊದಲ ಸಲ ಕೆತ್ತಿದಾಗ ಬರುವುದು ಅಷ್ಟು ಒಳ್ಳೆಯದಲ್ಲ. ಎರಡು ವಾರ ಬಿಟ್ಟು ಮತ್ತೆ ಕೆತ್ತುತ್ತಾರೆ, ಆಮೇಲೆ ಮತ್ತೊಮ್ಮೆ. ಆಗ ಬರುವುದು ಒಳ್ಳೆಯ ಮಾಲು. ಕೇಳುವಾಗ 'ಹೋಜರಿ' ಅಂತ ಕೇಳಿ. ತಿಳಿ ಹಸಿರು, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕವಾಗಿ ಕಾಣಬೇಕು. ಮತ್ರಾ ಸೂಕ್‌ನಲ್ಲಿ ಎರಡು ಮೂರು ಅಂಗಡಿಯಲ್ಲಿ ಉರಿಸಿ ತೋರಿಸಲು ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ ಅವರು.

ಆದರೆ ಒಂದು ಮಾತು. ನೀವು ಎಷ್ಟೇ ಒಳ್ಳೆಯದು ಒಯ್ದರೂ ಅಲ್ಲಿ ಉರಿಸಿದಾಗ ಅದು ಬೇರೆ ವಾಸನೆಯೇ. ಇಲ್ಲಿ ಲಿಫ್ಟ್‌ನಲ್ಲಿ ಯಾರೋ ಇಳಿದು ಹೋದ ಮೇಲೆ ಉಳಿಯುವ ವಾಸನೆ ಬರೀ ಲುಬಾನ್ ಅಲ್ಲ. ದಿಶ್‌ದಾಶಾದ ಕುತ್ತಿಗೆಯಲ್ಲಿ ಒಂದು ಗೊಂಡೆ ಇರುತ್ತದಲ್ಲ, ಅದಕ್ಕೆ ಅತ್ತರು ಹಚ್ಚಿರುತ್ತಾರೆ. ಅದು ಸೇರುತ್ತದೆ. ಹೊರಗಿನ ಕಾದ ಧೂಳು ಸೇರುತ್ತದೆ. ಎ.ಸಿ. ಗಾಳಿಯ ತಂಪು ಸೇರುತ್ತದೆ. ಅದೆಲ್ಲ ಇಲ್ಲಿಯೇ ಉಳಿಯುತ್ತದೆ ಅಕ್ಕ. ಅದಕ್ಕೇ ಈಗ ಲಿಫ್ಟ್‌ನಲ್ಲಿ ಫೋನ್ ನೋಡಬೇಡಿ.

ಲೆಕ್ಕದವನು

ಎಲ್ಲರೂ ಮನಸ್ಸಿನ ವಿಷಯ ಹೇಳುತ್ತಿದ್ದಾರೆ, ನಾನು ಕಾಗದದ ವಿಷಯ ಹೇಳುತ್ತೇನೆ. ಇದು ಸರಿ ಹೋಗದಿದ್ದರೆ ಕೊನೆಯ ವಾರ ಪೂರ್ತಿ ಕೌಂಟರ್‌ಗಳ ಮುಂದೆ ಕಳೆದುಹೋಗುತ್ತದೆ, ನೋಡಬೇಕು ಅಂದುಕೊಂಡಿದ್ದು ಏನೂ ನೋಡಲಾಗುವುದಿಲ್ಲ. ನನಗೆ ಹಾಗೇ ಆಯಿತು, ಅದಕ್ಕೆ ಹೇಳುತ್ತಿದ್ದೇನೆ.

ಗಾಡಿ ಮೊದಲು ಮಾರಿ. ದಂಡ ಏನಾದರೂ ಬಾಕಿ ಇದ್ದರೆ ಕಟ್ಟಿ, ಮುಲ್ಕಿಯಾ (ಗಾಡಿಯ ನೋಂದಣಿ ಕಾರ್ಡ್) ಕೊಂಡವರ ಹೆಸರಿಗೆ ಆಗುವವರೆಗೂ ಕೀಲಿ ಕೊಡಬೇಡಿ. ಬ್ಯಾಂಕಿನ ಕೆಲಸ, ಫೋನ್ ನಂಬರ್, ಕರೆಂಟು ನೀರಿನ ಬಿಲ್ ಎಲ್ಲ ಬತಾಕಾ ಚಾಲ್ತಿಯಲ್ಲಿ ಇರುವಾಗಲೇ ಮುಗಿಸಿ. ವೀಸಾ ರದ್ದಾದ ಮೇಲೆ ಬ್ಯಾಂಕಿಗೆ ಹೋದರೆ ಕಷ್ಟ. ಯಜಮಾನರ ಗ್ರಾಚುಟಿ ಲೆಕ್ಕ ಕೊನೆಯ ಮೂಲ ವೇತನದ ಮೇಲೆ ಹಾಕುತ್ತಾರೆ, ಭತ್ಯೆ ಎಲ್ಲ ಸೇರುವುದಿಲ್ಲ. 2023ರ ಹೊಸ ಕಾರ್ಮಿಕ ಕಾನೂನಿನಲ್ಲಿ ವರ್ಷಕ್ಕೆ ಒಂದು ತಿಂಗಳ ಮೂಲ ವೇತನ ಅಂತ ಇದೆ. ಹಳೆಯ ಕಾನೂನಿನಲ್ಲಿ ಮೊದಲ ಮೂರು ವರ್ಷಕ್ಕೆ ಹದಿನೈದು ದಿನದಂತೆ ಇತ್ತು. ಕಂಪನಿಯಿಂದ ಲೆಕ್ಕ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ, ಯಾವ ವರ್ಷಕ್ಕೆ ಎಷ್ಟು ಅಂತ ಸಾಲು ಸಾಲಾಗಿ.

ನಿಮ್ಮ ಪ್ರಶ್ನೆಗೂ ಒಂದು ಸಾಲು. ನನಗೆ ಕಾಡುವುದು ಬೈಸಾ. ಒಂದು ರಿಯಾಲ್‌ಗೆ ಸಾವಿರ ಬೈಸಾ, ಬಿಂದುವಿನ ಆಚೆ ಮೂರು ಅಂಕಿ. ಹನ್ನೊಂದು ವರ್ಷ ಲೆಕ್ಕ ಬರೆದಿದ್ದೇನೆ ಹಾಗೆ. ಈಗ ಎರಡೇ ಅಂಕಿ ಬರೆದಾಗ ಏನೋ ಬಿಟ್ಟುಹೋಯಿತು ಅನಿಸಿ ಇನ್ನೊಮ್ಮೆ ನೋಡುತ್ತೇನೆ.

ದಾರ್ಸೈತ್ ಹುಡುಗಿ

ಅಕ್ಕ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಮಕ್ಕಳ ವಿಷಯ ಒಂದು ಸಾಲೂ ಇಲ್ಲ. ನಿಮಗೆ ಮಕ್ಕಳಿದ್ದಾರಾ?

ಗುಬ್ರಾ ಮನೆ

ಹೌದು, ಒಬ್ಬಳು ಮಗಳು ಇದ್ದಾಳೆ. ಹದಿನಾಲ್ಕು ವರ್ಷ. ಇಲ್ಲಿಯೇ ಹುಟ್ಟಿದ್ದು. ಅವಳು ಏನೂ ಹೇಳುತ್ತಿಲ್ಲ, ಪಾಠ ಓದಿಕೊಂಡು ಇದ್ದಾಳೆ. ಒಗ್ಗಿಕೊಂಡಿದ್ದಾಳೆ ಅಂದುಕೊಂಡಿದ್ದೇನೆ.

ದಾರ್ಸೈತ್ ಹುಡುಗಿ

ಒಗ್ಗಿಕೊಂಡಿಲ್ಲ ಅಕ್ಕ. ನಾನೂ ಹಾಗೇ ಓದಿಕೊಂಡು ಇದ್ದೆ.

ನಾನು ಹುಟ್ಟಿದ್ದು ಮಸ್ಕತ್‌ನಲ್ಲಿ, ಬೆಳೆದದ್ದು ದಾರ್ಸೈತ್‌ನಲ್ಲಿ. ಹದಿನೈದಕ್ಕೆ ಹೊರಟೆವು. ನಮ್ಮ ಅಪ್ಪ ಅಮ್ಮನಿಗೆ ಅದು ಬಂದು ಹೋಗುವ ದೇಶ. ಹೋಗುವ ದಿನ ಬಂದೇ ಬರುತ್ತದೆ ಅಂತ ಅವರು ತಯಾರಾಗಿಯೇ ಬಂದವರು. ನಾನು ಎಲ್ಲಿಂದಲೂ ಬಂದಿರಲಿಲ್ಲ. ಮನೆಯಲ್ಲಿ ಎಲ್ಲರೂ 'ವಾಪಸ್ ಹೋಗುತ್ತಿದ್ದೇವೆ' ಅನ್ನುತ್ತಿದ್ದರು. ನನಗೆ ಅದು ವಾಪಸ್ ಅಲ್ಲ. ಹೊಸ ಜಾಗ. ಆ ಪದವನ್ನು ದಯವಿಟ್ಟು ಅವಳ ಮುಂದೆ ಬಳಸಬೇಡಿ.

ನಾನು ಏನನ್ನು ಕಳೆದುಕೊಂಡೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಬೆಟ್ಟ ಅಂತ ಹೇಳುತ್ತಿರಲಿಲ್ಲ. ರಂಜಾನ್ ತಿಂಗಳ ನಡುವೆ ಕರಂಕಶೋ ಬರುತ್ತದಲ್ಲ, ಮಕ್ಕಳೆಲ್ಲ ಕಲ್ಲು, ಕಪ್ಪೆಚಿಪ್ಪು ಬಡಿಯುತ್ತಾ ಹಾಡಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು. ಓಣಿಯ ಹುಡುಗಿಯರ ಜೊತೆ ನಾನೂ ಹೋಗುತ್ತಿದ್ದೆ. ನನ್ನ ಹತ್ತಿರ ಎರಡು ಒಳ್ಳೆಯ ಚಿಪ್ಪು ಇದ್ದವು, ಬಡಿದರೆ ಟಕ್ ಟಕ್ ಅಂತ ಗಟ್ಟಿ ಸದ್ದು. ಸಾಮಾನು ಕಟ್ಟುವಾಗ ಅದನ್ನು ಯಾರೋ ಕಸ ಅಂತ ಎಸೆದರು. ಯಾರನ್ನೂ ಬೈಯಲಿಲ್ಲ ನಾನು. ಆದರೆ ಇವತ್ತಿಗೂ ಆ ಚಿಪ್ಪಿನ ಅಂಚು ಬೆರಳಿಗೆ ಗೊತ್ತು.

ಆಮೇಲೆ ಕಾಫಿ ಶಾಪ್. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಅಪ್ಪ ಹಾರ್ನ್ ಹೊಡೆದರೆ ಹುಡುಗ ಓಡಿ ಬರುತ್ತಿದ್ದ. ಅಪ್ಪನಿಗೆ ಕರಕ್ ಚಾಯ್. ನನಗೆ ಪರೋಟಾದಲ್ಲಿ ಚೀಸ್ ಸವರಿ, 'ಚಿಪ್ಸ್ ಒಮಾನ್' ಅನ್ನುವ ಅಲ್ಲಿಯ ಆಲೂ ಚಿಪ್ಸ್ ಪುಡಿ ಮಾಡಿ ಹಾಕಿ ಸುರುಳಿ ಸುತ್ತಿ ಕೊಡುತ್ತಿದ್ದ. ಅವನಿಗೆ ನಾವು ಏನೂ ಹೇಳಬೇಕಾಗಿರಲಿಲ್ಲ. ನಂಬರ್ ಪ್ಲೇಟ್ ನೋಡಿಯೇ ಮಾಡಿಕೊಂಡು ಬರುತ್ತಿದ್ದ. ನಮಗೆ ಏನು ಬೇಕು ಅಂತ ಗೊತ್ತಿರುವ ಒಬ್ಬ ಮನುಷ್ಯ ದಾರಿಯಲ್ಲಿ ಇದ್ದಾನೆ ಅನ್ನುವುದು ಎಷ್ಟು ದೊಡ್ಡದು ಅಂತ ಆಗ ತಿಳಿಯಲಿಲ್ಲ.

ಹನ್ನೆರಡು ವರ್ಷ ಆದಮೇಲೆ ನಾನು ಒಬ್ಬಳೇ ಹೋದೆ. ಆನ್‌ಲೈನ್‌ನಲ್ಲಿ ಟೂರಿಸ್ಟ್ ವೀಸಾ ಸಿಗುತ್ತದೆ, ಒಂದು ತಿಂಗಳದ್ದಕ್ಕೆ 20 ರಿಯಾಲ್ ಕಟ್ಟಿದೆ. ಹುಟ್ಟಿದ ಊರಿಗೆ ಟೂರಿಸ್ಟ್ ಅಂತ ಫಾರ್ಮ್ ತುಂಬುವಾಗ ತುಂಬಾ ಅತ್ತೆ. ಏರ್‌ಪೋರ್ಟ್ ಕೌಂಟರ್‌ನಲ್ಲಿ ಕೂತಿದ್ದ ಹುಡುಗಿ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಮಸ್ಕತ್ ಅಂತ ನೋಡಿ ತಲೆ ಎತ್ತಿದಳು. 'ಎಲ್ಲಿ ಇತ್ತು ಮನೆ?' ಅಂದಳು. ದಾರ್ಸೈತ್ ಅಂದೆ. 'ಯಾವ ಕಡೆ?' ಅಂದಳು. ಹಿಂದೆ ಸಾಲು ಉದ್ದ ಇತ್ತು, ಆದರೂ ಕೇಳಿದಳು. ನಾನು ದಾರಿ ಹೇಳಿದೆ. ಅಷ್ಟು ಸಾಕಾಯಿತು ನನಗೆ.

ಅಕ್ಕ, ನಿಮ್ಮ 42 ದಿನದಲ್ಲಿ ಅರ್ಧ ಅವಳಿಗೆ ಕೊಡಿ. ಅವಳು ಏನು ನೋಡಬೇಕು ಅಂತ ಅವಳನ್ನೇ ಕೇಳಿ. ನಿಮಗೆ ಏನೂ ಅನಿಸದ ಜಾಗ ಹೇಳುತ್ತಾಳೆ. ಯಾಕೆ ಅಂತ ಕೇಳದೆ ಕರೆದುಕೊಂಡು ಹೋಗಿ.

ಹಳೇ ರೂವಿ

ತಂಗಿ, ನನ್ನ ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವರು. ನಾನು ಈ ಪ್ರಶ್ನೆ ಕೇಳಿರಲಿಲ್ಲ. ಇವತ್ತು ಸಂಜೆ ಇಬ್ಬರಿಗೂ ಫೋನ್ ಮಾಡುತ್ತೇನೆ.

ಗುಬ್ರಾ ಮನೆ (ನಲವತ್ತು ದಿನದ ನಂತರ)

ಎಲ್ಲರಿಗೂ ತಿಳಿಸಬೇಕು ಅನಿಸಿತು. ನಾಡಿದ್ದು ಹೊರಡುತ್ತಿದ್ದೇವೆ.

ದಾರ್ಸೈತ್ ಹುಡುಗಿ ಹೇಳಿದ ದಿನವೇ ರಾತ್ರಿ ಮಗಳನ್ನು ಕೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ನೋಟ್‌ಬುಕ್ ತಂದು ತೋರಿಸಿದಳು. ಆಗಲೇ ಬರೆದಿಟ್ಟಿದ್ದಳು, ಹದಿನೇಳು ಸಾಲು. ನಾನು ಕೇಳುವ ಮೊದಲೇ. ಅದನ್ನು ನೋಡಿ ನನಗೆ ಮಾತೇ ಬರಲಿಲ್ಲ.

ಮೊದಲನೆಯದು, ಬಿಲ್ಡಿಂಗ್‌ನ ತಾರಸಿ. ಅಲ್ಲಿ ನೀರಿನ ಟ್ಯಾಂಕ್‌ಗಳ ನಡುವೆ ಅವಳು ಸೈಕಲ್ ಕಲಿತಿದ್ದು. ಮೇಲೆ ಹೋಗಿ ಇಬ್ಬರೂ ಕೂತೆವು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಬೆಟ್ಟದ ಬಣ್ಣ ಬದಲಾಗುತ್ತದೆ, ಕಂದು ಇದ್ದದ್ದು ಕೆಂಪಾಗಿ, ನೇರಳೆಯಾಗಿ, ಆಮೇಲೆ ಒಮ್ಮೆಲೇ ಕಪ್ಪು. ಆ ಬೆಟ್ಟದ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳ ಆಗಿತ್ತಂತೆ, ಭೂಮಿ ಒತ್ತಿ ಮೇಲೆ ಬಂತಂತೆ. ಸ್ಕೂಲಲ್ಲಿ ಕಲಿತದ್ದನ್ನು ಅವಳು ನನಗೆ ಹೇಳಿದಳು. ಹದಿನಾರು ವರ್ಷ ಆ ಬೆಟ್ಟವನ್ನು ನೋಡಿದವಳು ನಾನು, ಈ ವಿಷಯ ತಿಳಿದದ್ದು ಅವತ್ತು.

ನಾಲ್ಕನೆಯದು ವಾಚ್‌ಮನ್ ಅಂಕಲ್. ಅವರ ಜೊತೆ ಫೋಟೋ ಬೇಕು ಅಂತ ಬರೆದಿದ್ದಳು. ಕೆಳಗೆ ಹೋಗಿ ಕೇಳಿದೆವು. ಅವರು 'ನಿಲ್ಲಿ' ಅಂತ ಒಳಗೆ ಹೋಗಿ ಒಂದು ಅಕ್ಕಿ ಚೀಲ ತಂದರು. ಅದರ ತುಂಬಾ ಚೆಂಡು, ಬ್ಯಾಡ್ಮಿಂಟನ್ ಕಾಕ್, ಒಂದು ಗೊಂಬೆಯ ಕೈ. ಹತ್ತು ವರ್ಷದಲ್ಲಿ ಬಾಲ್ಕನಿಯಿಂದ ಕೆಳಗೆ ಬಿದ್ದದ್ದನ್ನೆಲ್ಲ ಅವರು ಎತ್ತಿಟ್ಟಿದ್ದರು. ಯಾವ ಮಗುವಿನದು ಅಂತ ಗೊತ್ತಿಲ್ಲದೆ ಯಾರಿಗೂ ಕೊಟ್ಟಿರಲಿಲ್ಲ. ಮಗಳು ಅದರಲ್ಲಿ ತನ್ನ ಮೂರು ಚೆಂಡು ಹುಡುಕಿಕೊಂಡಳು. ಒಂದನ್ನು ಮಾತ್ರ ತೆಗೆದುಕೊಂಡಳು. ಉಳಿದ ಎರಡು ಬಿಲ್ಡಿಂಗಿನ ಚಿಕ್ಕ ಮಕ್ಕಳಿಗೆ ಕೊಡಿ ಅಂದಳು.

ಗುಲಾಬಿಯನ್ನೂ ನೋಡಿದೆವು. ಖಾಲ್ತಿಯ ಮಗ ತನ್ನ ಲ್ಯಾಂಡ್ ಕ್ರೂಸರ್‌ನಲ್ಲಿ ಕರೆದುಕೊಂಡು ಹೋದ. 'ಹದಿನಾರು ವರ್ಷದಿಂದ ಯಾಕೆ ಕೇಳಲಿಲ್ಲ?' ಅಂತ ದಾರಿಯುದ್ದಕ್ಕೂ ಬೈದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹೊಲ, ಸಣ್ಣ ಕಾಲುವೆ, ಅದೇ ಫಲಜ್, ಅದರ ಬದಿಯಲ್ಲೆಲ್ಲ ಗಿಡಗಳು. ಬೆಳಿಗ್ಗೆ ಬಿಸಿಲೇರುವ ಮೊದಲೇ ಹೂ ಕೀಳುತ್ತಾರೆ. ಮಣ್ಣಿನ ಒಲೆಯಲ್ಲಿ ಮಡಕೆ ಇಟ್ಟು ಪನ್ನೀರು ಇಳಿಸುವುದನ್ನು ಒಬ್ಬ ತಾತ ತೋರಿಸಿದರು. ಅಂಗಡಿಯ ಪನ್ನೀರಿನ ಹಾಗೆ ತಿಳಿಯಾಗಿರಲಿಲ್ಲ, ಚಹಾದ ಬಣ್ಣ, ಹೊಗೆಯ ವಾಸನೆ. ಆಗ ಗೊತ್ತಾಯಿತು, ಖಾಲ್ತಿ ಮನೆಯ ಕಹ್ವಾದಲ್ಲಿ ಇಷ್ಟು ದಿನ ನನಗೆ ಸಿಗುತ್ತಿದ್ದ ಆ ಹೊಗೆಯ ರುಚಿ ಇದೇ ಅಂತ. ಇಲ್ಲಿಗೆ ಬರದೆಯೇ ಹದಿನಾರು ವರ್ಷ ಇದನ್ನು ಕುಡಿದಿದ್ದೆ.

ಹಳೇ ರೂವಿ ಸರ್, ಎ.ಸಿ. ಆಫ್ ಮಾಡಿ ಮಲಗಿದೆವು. ಬಾಂಗ್ ರೆಕಾರ್ಡ್ ಮಾಡಿದ್ದೇನೆ, ನಾಲ್ಕು ನಿಮಿಷ. ನಿಮಗೆ ಕಳಿಸುತ್ತೇನೆ. ವಾದಿ ಕಬೀರ್‌ನದ್ದೂ ಬೇಕು ಅಂತ ಇದ್ದರೆ ನಾಳೆ ಬೆಳಿಗ್ಗೆ ಹೋಗಿ ಮಾಡಿಕೊಂಡು ಬರುತ್ತೇನೆ, ದಯವಿಟ್ಟು ಹೇಳಿ.

ಖಾಲ್ತಿ ಮನೆಯ ಮೂರು ತಟ್ಟೆ ನನ್ನ ಹತ್ತಿರ ಇದ್ದವು. ಖಾಲಿ ಕೊಡಬಾರದು ಅಂತ ಮೂರನ್ನೂ ತುಂಬಿಸಿ ಕೊಟ್ಟು ಬಂದೆ. ಅವತ್ತೇ ಸಂಜೆ ಅದರಲ್ಲಿ ಒಂದು ತಟ್ಟೆಯಲ್ಲಿ ಹಲ್ವಾ ತುಂಬಿಕೊಂಡು ಮೊಮ್ಮಗ ಬಂದ. ಮಾರನೇ ದಿನ ಹೋಗಿ ಕೇಳಿದೆ, ಖಾಲ್ತಿ, ನನ್ನ ಅಡುಗೆಮನೆಯಲ್ಲಿ ಈಗ ಏನೂ ಇಲ್ಲ, ಎಲ್ಲ ಕಟ್ಟಿಯಾಯಿತು, ಈ ತಟ್ಟೆಯನ್ನು ಏನು ಮಾಡಲಿ ಅಂತ. 'ಇರಲಿ. ಬರುವಾಗ ತುಂಬಿಸಿ ತಾ' ಅಂದರು. ಬಟ್ಟೆಗಳ ನಡುವೆ ಸುತ್ತಿ ಇಟ್ಟಿದ್ದೇನೆ.

ಕೊನೆಗೆ ಗಾಡಿ. ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗಿ ಕೊಂಡುಕೊಂಡಳು. ಫೆಬ್ರವರಿಯಲ್ಲಿ ಲೈಸೆನ್ಸ್ ಆಗಿದೆ, ಅವಳಿಗೂ ರೋಡ್ ಟೆಸ್ಟ್ ಎರಡು ಸಲ ಹೋಗಿತ್ತಂತೆ. ಮುಲ್ಕಿಯಾ ಅವಳ ಹೆಸರಿಗೆ ಆದಮೇಲೆ ಕೀಲಿ ಕೊಟ್ಟೆ. ಅವಳು ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. 'ಅಕ್ಕ, ಒಂದೇ ಒಂದು ಸಲ ಪಕ್ಕದಲ್ಲಿ ಕೂರುತ್ತೀರಾ? ಬೌಶರ್‌ನಿಂದ ಅಮೆರಾತ್ ಹೋಗುವ ಆ ಬೆಟ್ಟದ ರಸ್ತೆ ನನಗೆ ಭಯ' ಅಂದಳು.

ನಿನ್ನೆ ರಾತ್ರಿ ಹೋದೆವು. ಹತ್ತುವಾಗ ಅವಳ ಕೈ ಸ್ಟೇರಿಂಗ್ ಮೇಲೆ ಬಿಗಿಯಾಗಿತ್ತು. ಮೇಲೆ ಒಂದು ಕಡೆ ನಿಲ್ಲಿಸಿ ಕೆಳಗೆ ನೋಡಿದೆವು. ಇಡೀ ಮಸ್ಕತ್‌ನ ದೀಪ, ಆಚೆ ಸಮುದ್ರ ಶುರುವಾಗುವ ಕತ್ತಲು. ನನ್ನ ಆಸ್ಪತ್ರೆ ಯಾವುದು, ನನ್ನ ಮನೆ ಯಾವ ಕಡೆ ಅಂತ ತೋರಿಸಿದೆ. 'ನನ್ನ ಮನೆ' ಅಂತಲೇ ಹೇಳಿದೆ. ಆಮೇಲೆ ಅಮೆರಾತ್ ಕಡೆಗೆ ಇಳಿಯಲು ಶುರು ಮಾಡಿದೆವು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ಬ್ರೇಕ್ ಒಂದನ್ನೇ ನಂಬಬಾರದು ಅಂತ ನನ್ನ ಟೀಚರ್ ಹೇಳಿಕೊಟ್ಟದ್ದನ್ನು ಅವಳಿಗೆ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ ಸೆಕೆಂಡ್ ಗೇರ್‌ಗೆ ಹಾಕಿದ್ದಳು. ನಾನು ಕಿಟಕಿ ಅರ್ಧ ಇಳಿಸಿ ಕೂತೆ.